ವಾಟ್ಸ್‌ಆ್ಯಪ್‌ಗೂ ಟೆಲಿಗ್ರಾಂಗೂ ನಮ್ಮದೇ ಸೇತುವೆ

ನಮ್ಮ ಟೊಮೆಟೊ ಬೆಳೆಗಾರರಲ್ಲಿ ಹಿರಿಯರೆಲ್ಲ ವಾಟ್ಸ್‌ಆ್ಯಪ್ ಗುಂಪಲ್ಲಿ, ಹುಡುಗರು ಟೆಲಿಗ್ರಾಂನಲ್ಲಿ. ಹೋದ ಮಳೆಗಾಲದಲ್ಲಿ ಹಿರಿಯರೊಬ್ಬರು ಅಂಗಮಾರಿ ಬಿದ್ದ ಎಲೆಯ ಫೋಟೊ ಹಾಕಿದ್ರು. ಅದು ಟೆಲಿಗ್ರಾಂ ಕಡೆ ಬಂದಿದ್ದು ಮೂರು ದಿನ ಬಿಟ್ಟು. ಬೋರ್ಡೊ ದ್ರಾವಣ ರೋಗ ತಗಲೋ ಮೊದಲು ಹೊಡೆದ್ರೆ ಉಂಟು, ಆಮೇಲೆ ಹೊಡೆದು ಪ್ರಯೋಜನ ಇಲ್ಲ. ನನ್ನ ಅರ್ಧ ಎಕರೆ ಹೋಯ್ತು.

ಅದಕ್ಕೇ ಮ್ಯಾಟರ್‌ಬ್ರಿಜ್ ಹಾಕಿದೆ. ಇದು ಉಚಿತ ತಂತ್ರಾಂಶ. ಒಂದು ಗುಂಪಿನ ಮೆಸೇಜನ್ನು ಇನ್ನೊಂದಕ್ಕೆ ದಾಟಿಸುತ್ತೆ. ಸದಾ ಆನ್ ಇರೋ, ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್ ಸಾಕು. ಯುಪಿಎಸ್ ಮಾತ್ರ ಬೇಕು, ನಮ್ಮೂರ ಕರೆಂಟು ನಿಮಗೆ ಗೊತ್ತೇ ಇದೆ.

ಮೊದಲ ತೊಡಕು ಇಲ್ಲೇ: ಸಿದ್ಧವಾಗಿ ಸಿಗೋ ಫೈಲ್‌ನಲ್ಲಿ ವಾಟ್ಸ್‌ಆ್ಯಪ್ ಭಾಗ ಇರಲ್ಲ. 'ವಾಟ್ಸ್‌ಆ್ಯಪ್‌ಮಲ್ಟಿ' ಟ್ಯಾಗ್ ಕೊಟ್ಟು ಗೋ ಭಾಷೆಯ ಕಂಪೈಲರ್‌ನಿಂದ ನಾವೇ ಕಟ್ಟಿಕೊಳ್ಳಬೇಕು. ಅದಕ್ಕೆ ಸುಮಾರು 3 ಜಿಬಿ ರ್‍ಯಾಮ್ ಬೇಕು. ಜೊತೆಗೆ 'ನೋಎಂಎಸ್‌ಟೀಮ್ಸ್' ಟ್ಯಾಗ್ ಕೊಟ್ಟರೆ ಅರ್ಧ ಜಿಬಿಯಲ್ಲೇ ಮುಗಿಯುತ್ತೆ.

ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಹತ್ತಿರ ಬಾಟ್ ಮಾಡಿಸಿ, ಟೋಕನ್ ತಗೊಳ್ಳಿ. ಅಲ್ಲೇ ಪ್ರೈವಸಿ ಆಫ್ ಮಾಡಿ. ಇಲ್ಲದಿದ್ದರೆ ಬಾಟ್‌ಗೆ ಗುಂಪಿನ ಮಾತು ಕೇಳಿಸಲ್ಲ. ನಾನು ಎರಡು ರಾತ್ರಿ ಇದರಲ್ಲೇ ಕಳೆದೆ. ಆಫ್ ಮಾಡಿದ ಮೇಲೆ ಬಾಟನ್ನು ಗುಂಪಿನಿಂದ ತೆಗೆದು ಮತ್ತೆ ಸೇರಿಸಬೇಕು ಅಂತ ಗೊತ್ತಿರಲಿಲ್ಲ.

ವಾಟ್ಸ್‌ಆ್ಯಪ್ ಕಡೆ ಕ್ಯೂಆರ್ ಸ್ಕ್ಯಾನ್ ಮಾಡಿ ಜೋಡಿಸೋದು. ಇದು ಅಧಿಕೃತ ದಾರಿ ಅಲ್ಲ, ನಂಬರ್ ಬ್ಲಾಕ್ ಆದರೂ ಆಗಬಹುದು. ಅದಕ್ಕೆ ಬೇರೆ ಸಿಮ್ ಬಳಸಿ, ಮಂಡಿಯವರ ಹತ್ತಿರ ಇರೋ ನಿಮ್ಮ ನಂಬರ್ ಬೇಡ. ಆ ಸಿಮ್ ಇರೋ ಫೋನ್ 14 ದಿನದೊಳಗೆ ಒಮ್ಮೆಯಾದರೂ ಆನ್‌ಲೈನ್ ಬರಬೇಕು, ಇಲ್ಲಾಂದ್ರೆ ಜೋಡಣೆ ಕಳಚುತ್ತೆ.

ಸೆಟ್ಟಿಂಗ್ ಫೈಲ್‌ನಲ್ಲಿ ಎರಡೂ ಗುಂಪಿನ ಐಡಿ ಕೊಡಿ. 'ರಿಮೋಟ್‌ನಿಕ್‌ಫಾರ್ಮ್ಯಾಟ್' ತುಂಬದಿದ್ದರೆ ಯಾರು ಬರೆದರು ಅಂತ ಹೆಸರೇ ಕಾಣಲ್ಲ. 'ಮೀಡಿಯಾಡೌನ್‌ಲೋಡ್‌ಸೈಜ್' ಹೇಳದೇ ಬಿಟ್ಟರೆ ಮಿತಿ 10 ಲಕ್ಷ ಬೈಟ್, ಅಂದರೆ ಒಂದು ಎಂಬಿ. ದೊಡ್ಡ ಫೋಟೊ ದಾಟೋದೇ ಇಲ್ಲ. ಎಲೆ ಮೇಲಿನ ಚುಕ್ಕೆ ನೋಡೋಕೇ ತಾನೇ ಇಷ್ಟೆಲ್ಲ ಮಾಡ್ತಿರೋದು, ಅದನ್ನು ಹೆಚ್ಚಿಸಿ.

ಶುರು ಮಾಡೋ ಮೊದಲು ಎರಡೂ ಗುಂಪಲ್ಲಿ ಹೇಳಿ, ಒಪ್ಪಿಗೆ ಕೇಳಿ. ವಾಟ್ಸ್‌ಆ್ಯಪ್‌ನ ಗೂಢಲಿಪಿ ರಕ್ಷಣೆ ನಿಮ್ಮ ಸರ್ವರ್‌ವರೆಗೆ ಮಾತ್ರ, ಅಲ್ಲಿ ಮೆಸೇಜ್ ಬಿಚ್ಚಿಕೊಳ್ಳುತ್ತೆ. ನಮ್ಮಲ್ಲಿ ಇಬ್ಬರು ಬೇಡ ಅಂದರು. ಸಾಲದ ಲೆಕ್ಕದ ಮಾತು ಇನ್ನು ಮೇಲೆ ಗುಂಪಲ್ಲಿ ಆಡೋದಿಲ್ಲ ಅಂತ ತೀರ್ಮಾನ ಆದ ಮೇಲೇ ಅವರು ಒಪ್ಪಿದ್ದು.

ಕೈಕೊಟ್ಟರೆ ಸ್ಕ್ರೀನ್‌ಶಾಟ್ ಕಳಿಸಿ, ನೋಡೋಣ. ಟೋಕನ್ ಮಾತ್ರ ಮುಚ್ಚಿ ಕಳಿಸಿ.