ಮಗುವಿನ ವರ್ತನೆ ಏಕಾಏಕಿ ಬದಲಾದರೆ ಏನು ಮಾಡಬೇಕು?

ಮೊನ್ನೆಯವರೆಗೂ ಮಗ್ಗಿ ಒಪ್ಪಿಸುತ್ತಿದ್ದ ಹುಡುಗಿ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ, ವಿನಾಕಾರಣ ಕಿರುಚುತ್ತಾಳೆ. ವಾರ ಕಳೆಯುವಷ್ಟರಲ್ಲಿ ಮಾತು ನಿಲ್ಲುತ್ತದೆ, ತಿನ್ನಲು ಏನೂ ಇಲ್ಲದಿದ್ದರೂ ಬಾಯಿ ಜಗಿಯುತ್ತಲೇ ಇರುತ್ತದೆ. ಮನೆಯವರು ದೃಷ್ಟಿ ತೆಗೆಯುತ್ತಾರೆ, ಶಾಲೆಯಲ್ಲಿ ಯಾರಾದರೂ ಹೆದರಿಸಿದರೇ ಎಂದು ವಿಚಾರಿಸುತ್ತಾರೆ, ಮನೋವೈದ್ಯರ ಬಳಿಗೂ ಹೋಗುತ್ತಾರೆ. ಇಂಥ ಮಕ್ಕಳಲ್ಲಿ ಕೆಲವರ ಕಾಯಿಲೆ ಮನಸ್ಸಿನದಲ್ಲ. ಸೋಂಕಿನ ವಿರುದ್ಧ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬಿದ್ದಿರುತ್ತದೆ. ಇದಕ್ಕೆ ಆಟೋಇಮ್ಯೂನ್ ಎನ್‌ಸೆಫಲೈಟಿಸ್ ಎಂದು ಹೆಸರು.

ಇದರ ಬಗೆಗಳಲ್ಲಿ ಹೆಚ್ಚು ಪರಿಚಿತವಾದ ಎನ್‌ಎಂಡಿಎ ರಿಸೆಪ್ಟರ್ ಎನ್‌ಸೆಫಲೈಟಿಸ್ ಅನ್ನು ಜೋಸೆಪ್ ಡಾಲ್ಮೌ ತಂಡ ಸ್ಪಷ್ಟವಾಗಿ ಗುರುತಿಸಿದ್ದೇ 2007ರಲ್ಲಿ. ಎರಡು ವರ್ಷದ ಬಳಿಕ ‘ನ್ಯೂಯಾರ್ಕ್ ಪೋಸ್ಟ್’ನ 24ರ ಹರೆಯದ ವರದಿಗಾರ್ತಿ ಸುಸಾನಾ ಕಹಲಾನ್‌ಗೆ ಇದೇ ಕಾಯಿಲೆ ಬಂತು. ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ವೈದ್ಯ ಸುಹೇಲ್ ನಜ್ಜಾರ್ ಆಕೆಯ ಕೈಗೆ ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಹನ್ನೆರಡು ಅಂಕಿಗಳನ್ನೂ ಆಕೆ ಬಲಭಾಗಕ್ಕೇ ತುರುಕಿದರು. ತೊಂದರೆ ಮಿದುಳಿನಲ್ಲೇ ಇದೆ ಎಂಬುದು ವೈದ್ಯರಿಗೆ ಆಗ ಹೊಳೆಯಿತು.

ರೋಗಿಯನ್ನು ಹತ್ತಿರದಿಂದ ನೋಡುವುದಕ್ಕೆ ಈ ಕಾಯಿಲೆಯಲ್ಲಿ ಅಷ್ಟು ಬೆಲೆ. ಮಕ್ಕಳ ವಿಷಯದಲ್ಲಿ ಆ ಕೆಲಸ ತಂದೆತಾಯಿಯದು, ಸಾಧನ ಜೇಬಿನಲ್ಲಿರುವ ಮೊಬೈಲ್. ಕೈಕಾಲು ತಿರುಚಿದಾಗ, ಕಣ್ಣುಗುಡ್ಡೆ ದಿಕ್ಕಿಲ್ಲದೆ ಕುಣಿದಾಗ, ದೃಷ್ಟಿ ನೆಟ್ಟು ನಿಂತಾಗ ವಿಡಿಯೊ ಮಾಡಿ. ಮುಖ ಮಾತ್ರವಲ್ಲ, ಇಡೀ ಮೈ ಕಾಣಬೇಕು. ಹೆಸರು ಹಿಡಿದು ಕೂಗಿ, ಮಗು ತಿರುಗಿ ನೋಡುತ್ತದೆಯೇ ಎಂಬುದೂ ದಾಖಲಾಗಲಿ. ಜ್ವರ, ನೆಗಡಿ, ಭೇದಿ, ನಿದ್ದೆ ಕೆಟ್ಟದ್ದು, ಮೊದಲ ಫಿಟ್ಸ್ ಯಾವ ತಾರೀಖಿಗೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಬದಲಾವಣೆ ವರ್ಷಗಳಿಂದ ಬಂದದ್ದೋ, ಕೆಲವೇ ವಾರಗಳದ್ದೋ ಎಂಬುದೇ ವೈದ್ಯರ ಮೊದಲ ಪ್ರಶ್ನೆ.

ಫಿಟ್ಸ್ ಐದು ನಿಮಿಷ ದಾಟಿದರೆ, ಮಗು ಎಚ್ಚರ ತಪ್ಪಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟಪಟ್ಟರೆ ಅಪಾಯಿಂಟ್‌ಮೆಂಟ್‌ಗೆ ಕಾಯುವ ಮಾತೇ ಇಲ್ಲ. 108ಕ್ಕೆ ಕರೆ ಮಾಡಿ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ. ಕೈಗೆ ಬೀಗದ ಕೈ ಕೊಡುವುದರಿಂದ ಫಿಟ್ಸ್ ನಿಲ್ಲುವುದಿಲ್ಲ.

ಉಳಿದಂತೆ ಊರಿನ ಮಕ್ಕಳ ವೈದ್ಯರಿಂದಲೇ ಶುರುಮಾಡಿ, ಮಕ್ಕಳ ನರರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳಿ. ಎಂಬಿಬಿಎಸ್, ಮಕ್ಕಳ ವೈದ್ಯಕೀಯದಲ್ಲಿ ಎಂಡಿ, ಆಮೇಲೆ ಮೂರು ವರ್ಷದ ಡಿಎಂ ಓದಿದವರು ಇವರು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಇಂಥ ತಜ್ಞರಿದ್ದಾರೆ. ಬಿಪಿಎಲ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಜೊತೆಗಿರಲಿ. ಆಯುಷ್ಮಾನ್ ಯೋಜನೆಯಲ್ಲಿ ಯಾವ ಖರ್ಚು ಸೇರುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ದಾಖಲಾದ ದಿನವೇ ಕೇಳಿ, ಏಕೆಂದರೆ ಇಲ್ಲಿನ ಕೆಲವು ಔಷಧಿ ಬಹಳ ದುಬಾರಿ.

ಅಲ್ಲಿ ಹೆಚ್ಚಿನವರು ಹಿಂಜರಿಯುವುದು ಬೆನ್ನಿನ ನೀರು ತೆಗೆಯುತ್ತೇವೆ ಎಂದಾಗ. ಸೊಂಟ ಬಿದ್ದುಹೋಗುತ್ತದೆ ಎಂಬ ಭಯ ಹಳ್ಳಿಯಲ್ಲೂ ಇದೆ, ಅಪಾರ್ಟ್‌ಮೆಂಟಿನಲ್ಲೂ ಇದೆ. ಮಗುವನ್ನು ಪಕ್ಕಕ್ಕೆ ಮಲಗಿಸಿ, ಮೊಣಕಾಲು ಎದೆಗೆ ಬರುವಂತೆ ಮಡಿಸಿ, ಸೊಂಟದ ಕೆಳಭಾಗದ ಎರಡು ಮೂಳೆಗಳ ನಡುವೆ ಸಣ್ಣ ಸೂಜಿ ಹಾಕುತ್ತಾರೆ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ತೆಗೆಯುವುದು ಕೆಲವು ಮಿಲಿಲೀಟರ್ ಮಾತ್ರ, ದೇಹ ಅದನ್ನು ಬೇಗನೆ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು ಬರಬಹುದು. ಎಂಆರ್‌ಐ ಎಷ್ಟೋ ಮಕ್ಕಳಲ್ಲಿ ಸಹಜವಾಗಿಯೇ ಇರುವುದರಿಂದ ಈ ಪರೀಕ್ಷೆ ಬೇಡ ಎಂದರೆ ರೋಗದ ಜಾಡು ಅಲ್ಲಿಗೇ ತಪ್ಪಬಹುದು. ಎನ್‌ಎಂಡಿಎ ಪ್ರತಿಕಾಯಗಳು ರಕ್ತದಲ್ಲಿ ಸಿಗದೆ ಬೆನ್ನಿನ ನೀರಿನಲ್ಲಿ ಮಾತ್ರ ಸಿಗುವುದೂ ಉಂಟು. ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್) ಕೊಡುವ ಮೊದಲೇ ಸ್ಯಾಂಪಲ್ ತೆಗೆದಿದ್ದಾರೆಯೇ ಎಂದು ಕೇಳಿಕೊಳ್ಳಿ. ಆಮೇಲೆ ತೆಗೆದ ರಕ್ತದ ಫಲಿತಾಂಶ ದಾರಿ ತಪ್ಪಿಸಬಹುದು.

ವರದಿ ಬರಲು ಹಲವು ದಿನ ಬೇಕು. ಅನುಮಾನ ಬಲವಾಗಿದ್ದು, ಸೋಂಕಲ್ಲ ಎಂಬ ಭರವಸೆ ಸಿಕ್ಕರೆ ವೈದ್ಯರು ಅಲ್ಲಿಯವರೆಗೆ ಕಾಯದೆ ಸ್ಟೀರಾಯ್ಡ್ ಡ್ರಿಪ್, ಐವಿಐಜಿ ಅಥವಾ ಪ್ಲಾಸ್ಮಾ ಬದಲಾವಣೆ ಶುರುಮಾಡುತ್ತಾರೆ, ಜಗ್ಗದಿದ್ದರೆ ರಿಟುಕ್ಸಿಮ್ಯಾಬ್ ಎಂಬ ಔಷಧಿ. ಅವಸರಕ್ಕೆ ಕಾರಣವಿದೆ: 577 ರೋಗಿಗಳ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಗ ಚಿಕಿತ್ಸೆ ಪಡೆದವರೇ ಚೆನ್ನಾಗಿ ಚೇತರಿಸಿಕೊಂಡಿದ್ದರು. ಕಣ್ಣು ಕುಣಿಯುವ ಪುಟ್ಟ ಮಕ್ಕಳಿಗೆ, ಹದಿಹರೆಯದ ಹುಡುಗಿಯರಿಗೆ ಹೊಟ್ಟೆಯ ಸ್ಕ್ಯಾನ್ ಬರೆದರೆ ಗಾಬರಿಯಾಗದೆ ಮಾಡಿಸಿ. ಒಳಗೆ ಅಡಗಿದ ಗಡ್ಡೆಯೊಂದು ರೋಗದ ಮೂಲವಾಗಿರಬಹುದು.

ಎಲ್ಲದಕ್ಕೂ ಒಂದೇ ಮದ್ದು ಎಂದುಕೊಳ್ಳಬಾರದು. ರೋಗನಿರೋಧಕ ವ್ಯವಸ್ಥೆ ಮಿದುಳಿನ ಬದಲು ಕೈಕಾಲಿನ ನರಗಳ ಮೇಲೆ ತಿರುಗಿಬಿದ್ದು, ಕಾಲಿನಿಂದ ಮೇಲಕ್ಕೆ ಬಲ ಕುಂದುತ್ತಾ ಹೋಗುವ ಗಿಲನ್-ಬ್ಯಾರೆ ಸಿಂಡ್ರೋಮ್‌ಗೆ ಸ್ಟೀರಾಯ್ಡ್ ಉಪಯೋಗವಿಲ್ಲ, ಐವಿಐಜಿ ಅಥವಾ ಪ್ಲಾಸ್ಮಾ ಬದಲಾವಣೆಯೇ ಬೇಕು. ಕಾಲು ಸೋತ ಮಗುವಿನ ಮಲ ಎರಡು ಬಾರಿ ಕೇಳುವುದೇಕೆ ಎಂದು ಪೋಷಕರಿಗೆ ಸಿಟ್ಟು ಬರುವುದುಂಟು. 15 ವರ್ಷದೊಳಗಿನ ಮಗುವಿನ ಕೈಕಾಲು ದಿಢೀರ್ ಸೋತರೆ ಪೋಲಿಯೊ ಅಲ್ಲವೆಂದು ಖಚಿತಪಡಿಸಿಕೊಳ್ಳುವುದು ಸರ್ಕಾರಿ ನಿಗಾ ವ್ಯವಸ್ಥೆಯ ನಿಯಮ.

ಮನೆಗೆ ಬಂದ ಮೇಲೆ ಸ್ಟೀರಾಯ್ಡ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ. ಚೀಟಿಯಲ್ಲಿರುವಂತೆ ಹಂತಹಂತವಾಗಿಯೇ ಇಳಿಸಬೇಕು. ಮಾತು, ನೆನಪು, ನಿದ್ದೆ ಮರಳಲು ತಿಂಗಳುಗಳೇ ಹಿಡಿಯುವುದರಿಂದ ಮೊದಲು ಅರ್ಧ ದಿನದ ಶಾಲೆ ಸಾಕೆಂದು ಟೀಚರ್ ಜೊತೆ ಮಾತಾಡಿ. ಲಸಿಕೆ ಕಾರ್ಡನ್ನೂ ತಜ್ಞರಿಗೆ ತೋರಿಸಿ. ಪೂರ್ಣ ಡೋಸ್ ಐವಿಐಜಿ ಪಡೆದ ಮಗುವಿಗೆ ದಡಾರದ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಆ ತಾರೀಖನ್ನು ಕಾರ್ಡಿನ ಮೇಲೆಯೇ ಬರೆಸಿಕೊಂಡು ಆಶಾ ಕಾರ್ಯಕರ್ತೆಗೂ ತಿಳಿಸಿ.