ಅಟೆಂಡೆನ್ಸ್ ಕೇಳದ ಕೆಲಸ

ಲ್ಯಾಬ್ ರೆಕಾರ್ಡ್‌ಗಳನ್ನು ನಾವೆಲ್ಲ ಹೇಗೋ ಟೈಮಿಗೆ ಸರಿಯಾಗಿ ಮುಗಿಸ್ತೀವಿ. ಪ್ರೀತಿಯಿಂದ ಅಂತೇನಲ್ಲ, ಸಹಿ ಬೀಳದಿದ್ದರೆ ಮಾರ್ಕ್ಸ್ ಹೋಗುತ್ತೆ. ಅದೇ ಕ್ಯಾಂಪಸ್ಸಿನಲ್ಲಿ ಫಸ್ಟ್ ಸೆಮ್‌ನಲ್ಲಿ ಹುಮ್ಮಸ್ಸಿನಿಂದ ಶುರುವಾದ ಕಥೆ, ಕಿರುಚಿತ್ರ, ಕಾಮಿಕ್ಸ್, ಹಾಡಿನ ಚಾನೆಲ್ಲುಗಳ ಗತಿ ಏನು? ಬಹುಪಾಲು ಮೂರನೇ ಕಂತಿಗೇ ನಿಂತಿರುತ್ತವೆ. ಇದಕ್ಕೆ ಹಿರಿಯರು ‘ಆರಂಭಶೂರತನ’ ಅಂತ ಹೆಸರಿಟ್ಟು ಸುಮ್ಮನಾಗುತ್ತಾರೆ.

ಆದರೆ ಕಾರಣ ಬರೀ ಸೋಮಾರಿತನ ಅಲ್ಲ. ನಮ್ಮಷ್ಟಕ್ಕೆ ನಾವೇ ಮಾಡುವ ಸೃಜನಶೀಲ ಕೆಲಸವನ್ನು ಯಾರೂ ಕಾಯ್ತಾ ಇರಲ್ಲ. ಅದಕ್ಕೆ ಸಬ್‌ಮಿಷನ್ ಡೇಟ್ ಇಲ್ಲ, ಬೈಯೋ ಗೈಡ್ ಇಲ್ಲ, ನೋಟಿಸ್ ಬೋರ್ಡಿನಲ್ಲಿ ಶಾರ್ಟೇಜ್ ಲಿಸ್ಟ್ ಇಲ್ಲ. ಕಾಲೇಜು ಹೊರಗಿನಿಂದ ಹಾಕುವ ಈ ಚೌಕಟ್ಟನ್ನು ಇಲ್ಲಿ ನಾವೇ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟಿಕೊಂಡವರು ಅದನ್ನು ಹೇಗೆ ಮಾಡಿದರು ಅನ್ನೋದನ್ನ ಈ ಸಲ ಅಭ್ಯಾಸ ಮಾಡೋಣ.

ಅಂಚೆ ಇಲಾಖೆಯ ಕಾದಂಬರಿಕಾರ

ಆಂಥನಿ ಟ್ರಾಲಪ್ (1815–1882) ಇಂಗ್ಲೆಂಡಿನ ಕಾದಂಬರಿಕಾರರು. 1834ರಿಂದ 1867ರವರೆಗೆ ಅವರು ಅಂಚೆ ಇಲಾಖೆಯ ನೌಕರರೂ ಆಗಿದ್ದರು. 1852ರಲ್ಲಿ ಚಾನೆಲ್ ದ್ವೀಪಗಳಲ್ಲಿ ರಸ್ತೆಬದಿಯ ಅಂಚೆಪೆಟ್ಟಿಗೆಗಳು ಬಂದದ್ದು ಅವರ ಶಿಫಾರಸಿನಿಂದಲೇ. ಅಂದರೆ ನಮ್ಮ ಹಾಗೇ ಅವರಿಗೂ ಹಗಲೆಲ್ಲ ಬೇರೆ ಕೆಲಸ ಇತ್ತು.

ಬರವಣಿಗೆಗೆ ಅವರು ಮಾಡಿಕೊಂಡಿದ್ದ ಏರ್ಪಾಟು ಅವರ ಆತ್ಮಕಥೆಯಲ್ಲಿ ವಿವರವಾಗಿ ಸಿಗುತ್ತೆ. ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ ಹಾಜರ್. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದೋದು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಪ್ರತಿ 15 ನಿಮಿಷಕ್ಕೆ 250 ಪದ ಬರೆಯೋದು. ಒಟ್ಟು ಮೂರು ಗಂಟೆ, ಅಷ್ಟೇ.

ಇದಕ್ಕಿಂತ ಮುಖ್ಯವಾದದ್ದು ಅವರ ಡೈರಿ. ಹೊಸ ಪುಸ್ತಕ ಶುರು ಮಾಡುವಾಗಲೇ ವಾರಗಳ ಗೆರೆ ಎಳೆದು, ದಿನಕ್ಕೆ ಎಷ್ಟು ಪುಟ ಆಯ್ತು ಅಂತ ಬರೆದಿಡ್ತಿದ್ದರು. ಕೆಲಸ ತಪ್ಪಿದ ದಿನವೂ ಅದರಲ್ಲಿ ದಾಖಲಾಗ್ತಿತ್ತು. ಒಂದು ಪುಟ ಅಂದರೆ 250 ಪದ. ವಾರದ ಗುರಿ ಸರಾಸರಿ 40 ಪುಟ. ಆದರೆ ಕೈಯಲ್ಲಿರುವ ಬೇರೆ ಕೆಲಸದ ಹೊರೆ ನೋಡಿಕೊಂಡು ಅದು 20ಕ್ಕೆ ಇಳಿದದ್ದೂ ಉಂಟು, 112ಕ್ಕೆ ಏರಿದ್ದೂ ಉಂಟು.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದರ ಗುರುತು ತಕ್ಷಣ ಸಿಗುತ್ತೆ. ಒಂದು ಸೆಟ್ ಪಾಯಿಂಟ್, ದಿನದ ಅಳತೆ, ಎರಡರ ನಡುವಿನ ವ್ಯತ್ಯಾಸ, ಅದರ ತಿದ್ದುಪಡಿ. ಡೈರಿ ಅನ್ನೋದು ಇಲ್ಲಿ ಫೀಡ್‌ಬ್ಯಾಕ್. ಅದಿಲ್ಲದೆ ಬರೀ ಸಂಕಲ್ಪ ಮಾಡಿದರೆ ನಮ್ಮದು ಓಪನ್ ಲೂಪ್. ಎಷ್ಟು ತಪ್ಪಿದೆ ಅನ್ನೋದು ಗೊತ್ತಾಗೋ ಹೊತ್ತಿಗೆ ಸೆಮಿಸ್ಟರೇ ಮುಗಿದಿರುತ್ತೆ.

ಫಲ ಕೂಡಲೇ ಬಂತಾ? ಇಲ್ಲ. 1847ರಲ್ಲಿ ಬಂದ ಮೊದಲ ಕಾದಂಬರಿಯಿಂದ ಅವರಿಗೆ ಕವಡೆ ಕಾಸೂ ಸಿಗಲಿಲ್ಲ. ಓದುಗರ ಕಣ್ಣಿಗೆ ಬಿದ್ದದ್ದು 1855ರ ‘ದಿ ವಾರ್ಡನ್’. ನಡುವೆ ಎಂಟು ವರ್ಷ, ಅಂದರೆ ನಮ್ಮ ಎರಡು ಬಿ.ಇ. ಕೋರ್ಸು. ಕೊನೆಗೆ ಅವರ ಕಾದಂಬರಿಗಳ ಲೆಕ್ಕ 47ಕ್ಕೆ ಮುಟ್ಟಿತು.

ಕಾಕತಾಳೀಯ ನೋಡಿ, ನಮ್ಮ ಶಿವರಾಮ ಕಾರಂತರ ಕಾದಂಬರಿಗಳ ಲೆಕ್ಕವೂ 47. ಜೊತೆಗೆ ಮಕ್ಕಳಿಗಾಗಿ ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ದ ಸಂಪುಟಗಳು, ಯಕ್ಷಗಾನದ ಕೆಲಸ ಬೇರೆ. ‘ಚೋಮನ ದುಡಿ’ ಬಂದದ್ದು 1933ರಲ್ಲಿ, ‘ಮೂಕಜ್ಜಿಯ ಕನಸುಗಳು’ 1968ರಲ್ಲಿ. 35 ವರ್ಷದ ಅಂತರ. ಹೆಸರು ಬಂತಲ್ಲ, ಸಾಕು ಅಂತ ಅವರು ನಡುವೆ ಎಲ್ಲೋ ನಿಲ್ಲಿಸಿದ್ದಿದ್ದರೆ ಮೂಕಜ್ಜಿ ಮಾತೇ ಆಡ್ತಿರಲಿಲ್ಲ.

ಕಡ್ಡಿ ಗೊಂಬೆಗಳ ಪಾಠ

ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು. ಎಕ್ಸ್‌ಕೆಸಿಡಿ ಕಾಮಿಕ್ಸ್ ನಮ್ಮಲ್ಲಿ ಎಷ್ಟೋ ಜನ ನೋಡಿರ್ತೀವಿ. ಫಿಸಿಕ್ಸ್ ಓದಿ ನಾಸಾದಲ್ಲಿ ಕೆಲಸ ಮಾಡಿದ್ದ ರಾಂಡಲ್ ಮನ್ರೋ 2005ರಲ್ಲಿ ಅದನ್ನು ಶುರು ಮಾಡಿದರು. ಸೋಮವಾರ, ಬುಧವಾರ, ಶುಕ್ರವಾರ ಹೊಸದು ಬರುತ್ತೆ. ಅದರಲ್ಲಿರೋದು ಕಡ್ಡಿಯಂಥ ಮನುಷ್ಯರು, ಮುಖದಲ್ಲಿ ಕಣ್ಣು ಮೂಗೂ ಇಲ್ಲ. ಪ್ರತಿ ಚಿತ್ರಕ್ಕೂ ಪೂರ್ತಿ ಬಣ್ಣ, ನೆರಳು, ಹಿನ್ನೆಲೆ ಬರೆಯಬೇಕಿದ್ದರೆ ಒಬ್ಬರೇ ವಾರಕ್ಕೆ ಮೂರು ಕೊಡುವುದು ಬಹಳ ಕಷ್ಟ. ರೂಪ ಸರಳವಾಗಿರೋದರಿಂದ ಸಮಯವೆಲ್ಲ ಯೋಚನೆಗೆ ಸಿಗುತ್ತೆ. ನಿರಂತರವಾಗಿ ಮಾಡಬೇಕು ಅಂದರೆ ಮೊದಲು ನಮ್ಮ ಕೈಲಿ ನಿರಂತರವಾಗಿ ಮಾಡಲು ಆಗುವಂಥ ರೂಪವನ್ನೇ ಆರಿಸಬೇಕು.

ಇದು ಯಂತ್ರದ ಕೆಲಸ ಆಗಲ್ವಾ?

ಈ ಪ್ರಶ್ನೆ ಟ್ರಾಲಪ್‌ಗೂ ಎದುರಾಯ್ತು. ಅವರು ತೀರಿಕೊಂಡ ಮೇಲೆ 1883ರಲ್ಲಿ ಆತ್ಮಕಥೆ ಪ್ರಕಟವಾದಾಗ, ಹೀಗೆ ಪದ ಎಣಿಸಿ ಬರೆಯೋದು ಕಲೆಯೇ ಅಂತ ಮೂಗು ಮುರಿದವರಿದ್ದರು. ಅವರ 47ರಲ್ಲಿ ಎಲ್ಲವೂ ಒಂದೇ ತೂಕದ್ದಲ್ಲ ಅನ್ನೋದೂ ನಿಜ. ವೇಳಾಪಟ್ಟಿ ಗುಣವನ್ನು ತಂದುಕೊಡಲ್ಲ. ಗುಣ ಬರಬಹುದಾದ ಸಂದರ್ಭಗಳನ್ನು ಹೆಚ್ಚು ಮಾಡುತ್ತೆ. ಗುಣ ನೋಡೋಕೆ ಆ ಮೊದಲ ಅರ್ಧ ಗಂಟೆಯ ಓದು ಇದೆ. ನಮ್ಮಲ್ಲಿ ಹೆಚ್ಚಿನವರು ಬಿಟ್ಟುಬಿಡೋದು ಅದನ್ನೇ.

ಹಾಗಂತ 5.30ಕ್ಕೆ ಏಳೋದನ್ನೇ ನಕಲು ಮಾಡಬೇಕಿಲ್ಲ. ಅವರನ್ನ ಎಬ್ಬಿಸಿ ಕಾಫಿ ಕೊಡೋಕೆ ಸಂಬಳದ ಆಳು ಇದ್ದ. ಹಾಸ್ಟೆಲ್‌ನಲ್ಲಿ ನಮ್ಮನ್ನ ಎಬ್ಬಿಸೋದು ಪಕ್ಕದ ರೂಮಿನವರ ಅಲಾರಂ! ರಾತ್ರಿ ಊಟ ಆದಮೇಲಿನ ಅರ್ಧ ಗಂಟೆಯಾದರೂ ಸರಿ, ದಿನವೂ ಅದೇ ಅರ್ಧ ಗಂಟೆ ಆಗಿರಲಿ.

ನಮ್ಮ ಲೆಕ್ಕ

ದಿನಕ್ಕೆ 200 ಪದ, ವಾರಕ್ಕೆ ಐದು ದಿನ, 16 ವಾರ. ಒಟ್ಟು 16,000 ಪದ. 2,000 ಪದದ ಸಣ್ಣಕಥೆ ಅಂದರೆ ಒಂದು ಸೆಮ್‌ಗೆ ಎಂಟು ಕಥೆ. ಎಂಟರಲ್ಲಿ ಆರು ಸಾಧಾರಣ ಇರಬಹುದು. ಉಳಿದ ಎರಡು ಆ ಆರನ್ನು ದಾಟಿಯೇ ಬರಬೇಕು.

ಹಾಡು, ಚಿತ್ರ, ಕೋಡ್, ಯಾವುದೇ ಇರಲಿ, ಮೂರು ವಿಷಯ ತೀರ್ಮಾನವಾದರೆ ಸಾಕು: ದಿನಕ್ಕೆ ಎಷ್ಟು, ಯಾವ ಹೊತ್ತಿಗೆ, ಎಲ್ಲಿ ಬರೆದಿಡೋದು. ಇಂಟರ್ನಲ್ಸ್ ಬಂದಾಗ ಗುರಿಯನ್ನು ಇಳಿಸೋಣ, ದಿನಕ್ಕೆ 50 ಪದ ಆದರೂ ಪರವಾಗಿಲ್ಲ. ಆದರೆ ಆ ಇಳಿಸಿದ ಗುರಿಯನ್ನೂ ಮೊದಲೇ ಡೈರಿಯಲ್ಲಿ ಬರೆದಿಡೋಣ. ಪರೀಕ್ಷೆ ಮುಗಿದ ಮಾರನೇ ದಿನ ಕೆಲಸ ಮತ್ತೆ ಸೊನ್ನೆಯಿಂದ ಶುರುವಾಗಬಾರದು.