ಔಷಧ ಹೊಡೆದರೂ ಕಸ ಉಳಿದಿದೆಯೇ? ಮೆಕ್ಕೆಜೋಳದ ರೈತರು ಮಾಡಬೇಕಾದ್ದು

ರೋಹಿಣಿ, ಮೃಗಶಿರ ಮಳೆ ಹದವಾಗಿ ಬಿದ್ದ ವರ್ಷ ದಾವಣಗೆರೆ ಬಳಿಯ ಆನಗೋಡಿನ ಸುತ್ತ ಹೆದ್ದಾರಿಯ ಎರಡೂ ಬದಿ ಮೆಕ್ಕೆಜೋಳವೇ ಮೆಕ್ಕೆಜೋಳ. ಬಿತ್ತಿದ ಎರಡು–ಮೂರು ದಿನದೊಳಗೆ ಅಟ್ರಜಿನ್ ಹೊಡೆಯುವುದು ಬಿತ್ತನೆಯಷ್ಟೇ ಖಾಯಂ ಕೆಲಸವಾಗಿದೆ. ಕೂಲಿ ಆಳು ಸಿಗದ ಕಾಲದಲ್ಲಿ ಅದು ರೈತರ ಕೈ ಹಿಡಿದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಹೊಲಕ್ಕೆ, ಅದೇ ಬೆಳೆಗೆ, ಅದೇ ಔಷಧವನ್ನು ವರ್ಷ ವರ್ಷವೂ ಹೊಡೆಯುತ್ತ ಹೋದರೆ ಒಂದು ದಿನ ಅದು ಕೈ ಕೊಡುತ್ತದೆ.

ಕಸಕ್ಕೆ ಔಷಧ ‘ರೂಢಿಯಾಗುತ್ತದೆ’ ಎನ್ನುವುದುಂಟು. ನಿಜಕ್ಕೂ ಆಗುವುದು ಬೇರೆ. ಲಕ್ಷಾಂತರ ಗಿಡಗಳ ನಡುವೆ ಹುಟ್ಟಿನಿಂದಲೇ ಆ ಔಷಧವನ್ನು ತಡೆದುಕೊಳ್ಳುವ ಒಂದೆರಡು ಗಿಡ ಇರಬಹುದು. ಉಳಿದವನ್ನೆಲ್ಲ ಕೊಂದು ಅವಕ್ಕೆ ಜಾಗ ಮಾಡಿಕೊಡುವವರು ನಾವೇ. ಅವು ಬೀಜ ಉದುರಿಸುತ್ತವೆ, ಮುಂದಿನ ವರ್ಷ ಅವುಗಳ ಸಂತಾನ ಹೆಚ್ಚುತ್ತದೆ. ಪಂಜಾಬ್, ಹರಿಯಾಣದ ಗೋಧಿ ಹೊಲಗಳಲ್ಲಿ 1990ರ ದಶಕದಲ್ಲಿ ಆದದ್ದು ಇದೇ. ಐಸೊಪ್ರೊಟ್ಯೂರಾನ್ ಒಂದನ್ನೇ ನಂಬಿದ್ದ ರೈತರ ಹೊಲದಲ್ಲಿ ‘ಗುಲ್ಲಿ ಡಂಡಾ’ ಎಂಬ ಹುಲ್ಲು ಆ ಔಷಧಕ್ಕೆ ಸಾಯದಾಯಿತು. ಮುಂದೆ ಬದಲಿ ಔಷಧಗಳಿಗೂ ಅದು ಜಗ್ಗಲಿಲ್ಲ. ಅಟ್ರಜಿನ್ ಗುಂಪಿನ ಔಷಧವನ್ನು ಕಸ ತಡೆದುಕೊಂಡ ಮೊದಲ ವರದಿ ಅಮೆರಿಕದಿಂದ ಬಂದದ್ದು 1970ರಲ್ಲಿ.

ಮೊದಲು ಹೊಲದಲ್ಲಿ ನಿಂತು ನೋಡಿ

ಕಸ ಉಳಿದ ಕೂಡಲೇ ಔಷಧದ ಅಂಗಡಿಗೆ ಓಡಬೇಡಿ. ಹೊಡೆದ 15–20 ದಿನಕ್ಕೆ ಹೊಲದ ಉದ್ದಕ್ಕೂ ನಡೆಯಿರಿ. ಕಸ ಗೆರೆ ಎಳೆದಂತೆ ಪಟ್ಟಿಯಾಗಿ ಉಳಿದಿದ್ದರೆ ತಪ್ಪು ಸಿಂಪಡಣೆಯದ್ದು: ನಾಜಲ್ ಕಟ್ಟಿಕೊಂಡಿರಬಹುದು, ಸಾಲು ಬಿಟ್ಟುಹೋಗಿರಬಹುದು. ಎಲ್ಲ ಜಾತಿಯ ಕಸವೂ ಹೊಲದ ತುಂಬ ಉಳಿದಿದ್ದರೆ ಒಣ ಮಣ್ಣಿಗೆ ಹೊಡೆದಿರುತ್ತೀರಿ, ಇಲ್ಲವೇ ಪ್ರಮಾಣ ಕಡಿಮೆಯಾಗಿರುತ್ತದೆ. ಅಟ್ರಜಿನ್ ಕೆಲಸ ಮಾಡಲು ಮಣ್ಣಿನ ಮೇಲ್ಪದರದಲ್ಲಿ ತೇವ ಬೇಕೇ ಬೇಕು. ಜೇಕು ಮಾತ್ರ ಉಳಿದಿದ್ದರೆ ಆಶ್ಚರ್ಯವೇನಿಲ್ಲ. ಗಡ್ಡೆಯಿಂದ ಚಿಗುರುವ ಜೇಕು ಅಟ್ರಜಿನ್‌ಗೆ ಎಂದೂ ಬಗ್ಗಿದ್ದಲ್ಲ.

ಅನುಮಾನ ಪಡಬೇಕಾದ್ದು ಇಲ್ಲಿ: ಬೇರೆ ಕಸವೆಲ್ಲ ಸತ್ತಿದೆ, ಮೊದಲು ಸಾಯುತ್ತಿದ್ದ ಒಂದು ಜಾತಿ ಮಾತ್ರ ಉಳಿದಿದೆ. ಅಣ್ಣೆಸೊಪ್ಪು ಎನ್ನೋಣ. ಒಣಗಿದ ಸಸಿಯ ಗೇಣು ದೂರದಲ್ಲೇ ಅದೇ ವಯಸ್ಸಿನ ಇನ್ನೊಂದು ಸಸಿ ಹಚ್ಚಗೆ ನಿಂತಿದೆ. ಕಳೆದ ವರ್ಷ ಕಣದಷ್ಟಿದ್ದ ಜಾಗ ಈ ವರ್ಷ ಇನ್ನೂ ಅಗಲವಾಗಿದೆ. ಇದನ್ನು ಖಚಿತ ಮಾಡಿಕೊಳ್ಳಲು ಅಲ್ಲಿನ ಬೀಜವನ್ನೂ ಔಷಧವನ್ನೇ ಕಾಣದ ಗೋಮಾಳದ ಅದೇ ಗಿಡದ ಬೀಜವನ್ನೂ ಎರಡು ತಟ್ಟೆಯಲ್ಲಿ ಬಿತ್ತಿ. ಎರಡಕ್ಕೂ ಒಂದೇ ಪ್ರಮಾಣದಲ್ಲಿ, ಒಂದೇ ದಿನ ಔಷಧ ಹೊಡೆಯಿರಿ. ಹೊಲದ್ದು ಉಳಿದು ಗೋಮಾಳದ್ದು ಸತ್ತರೆ ಆನಗೋಡಿನ ರೈತ ಸಂಪರ್ಕ ಕೇಂದ್ರಕ್ಕೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ತಿಳಿಸಿ.

ಲೆಕ್ಕ ಹಾಕಿ ಹೊಡೆಯಿರಿ

ಶೇ 50ರ ಅಟ್ರಜಿನ್ ಪುಡಿ ಎಕರೆಗೆ 400ರಿಂದ 800 ಗ್ರಾಂ. ಹಗುರ ಕೆಂಪು ಮಣ್ಣಿಗೆ ಕಡಿಮೆ, ಎರೆ ಮಣ್ಣಿಗೆ ಹೆಚ್ಚು. 500 ಗ್ರಾಂ ಎಂದಿಟ್ಟುಕೊಳ್ಳಿ. ಎಕರೆಗೆ 200 ಲೀಟರ್ ನೀರು ಎಂದರೆ 16 ಲೀಟರಿನ ಕ್ಯಾನು ಹನ್ನೆರಡೂವರೆ, ಅಂದರೆ ಕ್ಯಾನಿಗೆ 40 ಗ್ರಾಂ. ಐದಾರು ಕ್ಯಾನಿನಲ್ಲೇ ಎಕರೆ ಮುಗಿಸಿದರೆ ಮಣ್ಣು ಸಮನಾಗಿ ನೆನೆಯುವುದಿಲ್ಲ. ಕೀಟನಾಶಕದ ನಾಜಲ್ ಬೇಡ, ಬೀಸಣಿಗೆಯಂತೆ ಹರಡುವ ಚಪ್ಪಟೆ ನಾಜಲ್ ಹಾಕಿ, ಹಿಮ್ಮುಖವಾಗಿ ನಡೆಯುತ್ತ ಹೊಡೆಯಿರಿ. ಕಳೆನಾಶಕಕ್ಕೆ ಬೇರೆಯೇ ಕ್ಯಾನು ಇರಲಿ. 2,4-ಡಿ ಹೊಡೆದ ಕ್ಯಾನಿನ ಶೇಷ ತಾಕಿದರೂ ಹತ್ತಿ, ಟೊಮೆಟೊ ಮುರುಟುತ್ತವೆ.

ಹೆಸರು ಬದಲಾದರೆ ಔಷಧ ಬದಲಾಗಲಿಲ್ಲ

ಅಂಗಡಿಯಲ್ಲಿ ಬೇರೆ ಡಬ್ಬಿ ಕೊಟ್ಟರೆಂದು ಔಷಧ ಬದಲಾಯಿತೆಂದು ತಿಳಿಯಬೇಡಿ. ದೊಡ್ಡ ಅಕ್ಷರದ ಕಂಪನಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮೂಲ ಔಷಧದ ಹೆಸರಿರುತ್ತದೆ, ಅದನ್ನು ಓದಿ. ಮೂಲ ಹೆಸರು ಬೇರೆಯಾದರೂ ಕಸವನ್ನು ಕೊಲ್ಲುವ ದಾರಿ ಒಂದೇ ಇರಬಹುದು. ಟೆಂಬೊಟ್ರಯೋನ್, ಟೊಪ್ರಮೆಝೋನ್ ಎರಡೂ ಒಂದೇ ಗುಂಪು, ಒಂದರ ಬದಲು ಇನ್ನೊಂದು ಹೊಡೆದರೆ ಪ್ರಯೋಜನವಿಲ್ಲ. ಅಟ್ರಜಿನ್‌ದು ಬೇರೆ ಗುಂಪು, ಪೆಂಡಿಮೆಥಾಲಿನ್‌ದು ಮತ್ತೊಂದು.

ಅಟ್ರಜಿನ್ ಸೋತ ಕಡೆ ಕಸಕ್ಕೆ ಎರಡರಿಂದ ನಾಲ್ಕು ಎಲೆ ಇರುವಾಗ ಟೆಂಬೊಟ್ರಯೋನ್ ಎಕರೆಗೆ 115 ಮಿಲಿ, ಜೊತೆಗೆ ಬರುವ ಅಂಟು ದ್ರಾವಣ ಬೆರೆಸಿ ಹೊಡೆಯಬಹುದು. ಕಸ ಮೊಣಕಾಲೆತ್ತರ ಬಂದ ಮೇಲೆ ಹೊಡೆದರೆ ಅರೆಬರೆ ಸಾಯುತ್ತದೆ. ಜೇಕಿಗೆ ಹ್ಯಾಲೊಸಲ್ಫ್ಯೂರಾನ್ ಎಕರೆಗೆ 36 ಗ್ರಾಂ. ಹೊಡೆಯುವ ಮುನ್ನ ಡಬ್ಬಿಯ ಮೇಲಿನ ಪ್ರಮಾಣವನ್ನು ಇನ್ನೊಮ್ಮೆ ನೋಡಿ. ಗ್ಲೈಫೋಸೇಟ್ ಮಾತು ಬೇಡ: ಅದನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರೇ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿದೆ. ನಿಂತ ಮೆಕ್ಕೆಜೋಳಕ್ಕೆ ತಾಕಿದರೆ ಬೆಳೆಯೂ ಉಳಿಯದು.

ಕುಂಟೆಯನ್ನು ಅಟ್ಟಕ್ಕೆ ಹಾಕಬೇಡಿ

ಎಡೆಕುಂಟೆಯನ್ನು ತಡೆದುಕೊಳ್ಳುವ ಕಸ ಇನ್ನೂ ಹುಟ್ಟಿಲ್ಲ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಮುಖ್ಯವಾದ ಮಾತು ಇದೇ. ಭರಣಿ, ಕೃತ್ತಿಕಾ ಮಳೆಗೆ ಹೊಲ ಹರಗಿ ಬಿಡಿ, ಕಸ ಹುಟ್ಟಲಿ. ಬಿತ್ತುವ ಮುನ್ನ ಮತ್ತೊಮ್ಮೆ ಕುಂಟೆ ಹೊಡೆದರೆ ಮೊದಲ ಫಸಲಿನ ಕಸ ಔಷಧವಿಲ್ಲದೆ ಮುಗಿಯುತ್ತದೆ. ಬಿತ್ತಿದ 20–25 ದಿನಕ್ಕೆ ಒಮ್ಮೆ ಎಡೆ ಹೊಡೆಯಿರಿ. 30–35 ದಿನಕ್ಕೆ ಯೂರಿಯಾ ಕೊಟ್ಟು ಬುಡಕ್ಕೆ ಮಣ್ಣೇರಿಸಿ. ಅಷ್ಟು ದಿನ ಕಾಯ್ದುಕೊಂಡರೆ ಆಮೇಲೆ ಬೆಳೆಯ ನೆರಳೇ ಕಸವನ್ನು ತುಳಿಯುತ್ತದೆ.

ತೊಗರಿ ಅಕ್ಕಡಿ ಹಾಕಿದರೆ ಇನ್ನೂ ಒಳ್ಳೆಯದು, ಆದರೆ ಎಚ್ಚರ: ಅಟ್ರಜಿನ್ ತೊಗರಿಯನ್ನು ಸುಡುತ್ತದೆ. ಅಕ್ಕಡಿ ಇದ್ದಲ್ಲಿ ಎರಡೂ ಬೆಳೆ ತಾಳುವ ಪೆಂಡಿಮೆಥಾಲಿನ್ ಶೇ 30ರದ್ದು ಎಕರೆಗೆ ಒಂದು ಲೀಟರ್ ಹೊಡೆಯಿರಿ. ಔಷಧದ ಗುಂಪೂ ತಾನಾಗಿ ಬದಲಾಗುತ್ತದೆ. ಮೂರು ವರ್ಷಕ್ಕೊಮ್ಮೆಯಾದರೂ ಹೊಲಕ್ಕೆ ಶೇಂಗಾ, ರಾಗಿ ಅಥವಾ ಹತ್ತಿ ಬರಲಿ.

ಬೀಜ ಕಟ್ಟಲು ಬಿಡಬೇಡಿ

ಬದುವಿನ ಮೇಲಿನ ಒಂದು ಕಾಂಗ್ರೆಸ್ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಕೊಯ್ಲಿಗೆ ಮುಂಚೆ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು, ಔಷಧಕ್ಕೆ ಸಾಯದೆ ಉಳಿದ ಗಿಡಗಳನ್ನು ಹೂ ಬಿಡುವ ಮೊದಲೇ ಬೇರು ಸಹಿತ ಕಿತ್ತು ಹೊಲದ ಹೊರಗೆ ಸುಡಿ. ಅರೆ ಕೊಳೆತ ತಿಪ್ಪೆಗೊಬ್ಬರ ಹೊಲಕ್ಕೆ ಬೇಡ. ಬೇರೆಯವರ ಹೊಲದಿಂದ ಬಂದ ಒಕ್ಕಣೆ ಯಂತ್ರವನ್ನು ಗುಡಿಸಿಯೇ ಒಳಗೆ ಬಿಡಿ. ಈ ಸಲ ಹೊಡೆದ ಔಷಧದ ಮೂಲ ಹೆಸರು, ಹೊಡೆದ ದಿನ, ಉಳಿದ ಕಸದ ಹೆಸರು, ಈ ಮೂರನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮುಂದಿನ ಮುಂಗಾರಿಗೆ ಅಂಗಡಿಗೆ ಹೋಗುವಾಗ ಆ ಹಾಳೆ ಜೇಬಿನಲ್ಲಿರಲಿ.